ದೂರದರ್ಶಕದ ಧ್ರುವಯಷ್ಟಿಯೂ ನಕ್ಷತ್ರಾನುಗಮನವೂ

ಭಾಸ್ಕರಾಚಾರ್ಯರು ಗೋಲಬಂಧದಲ್ಲಿ ಹೇಳಿದ ಧ್ರುವಯಷ್ಟಿಯ ತತ್ತ್ವವೇ ಇಂದಿನ ದೂರದರ್ಶಕಪೀಠಕ್ಕೂ ಆಧಾರವಾಗಿರುವುದು. ಈ ಅಕ್ಷವು ಧ್ರುವಾಭಿಮುಖವಾಗಿದ್ದು ನಾಕ್ಷತ್ರದಿನಕ್ಕೊಮ್ಮೆ, ಎಂದರೆ 23 ಘಂಟೆ 56 ನಿಮಿಷ 4 ಸೆಕೆಂಡುಗಳಿಗೊಮ್ಮೆ, ತಿರುಗತಕ್ಕದ್ದು. ಮೋಟಾರು 24 ಘಂಟೆಯ ಸಾವನಗತಿಯಲ್ಲಿ ನಡೆದರೆ ಐದು ನಿಮಿಷದ ಛಾಯಾಚಿತ್ರದಲ್ಲಿ ವಿಷುವದ್ವೃತ್ತದ ಬಳಿಯ ತಾರೆಯು ಸುಮಾರು 12 ವಿಕಲೆ ಸರಿದು ಗೆರೆಯಾಗುವುದು.

ಧ್ರುವೋನ್ನತಿಯು ಅಕ್ಷಾಂಶಕ್ಕೆ ಸಮಾನವೆಂಬುದು ಸಿದ್ಧಾಂತಗ್ರಂಥಗಳನ್ನೋದಿದವರಿಗೆ ತಿಳಿದದ್ದೇ. ಶಿವಮೊಗ್ಗ, ಭದ್ರಾವತಿಗಳಲ್ಲಿ ಅದು 14 ಅಂಶಕ್ಕೆ ತುಸು ಕಡಮೆ. ತೊಡಕೆಲ್ಲ ಇಲ್ಲಿಂದಲೇ ಹುಟ್ಟುತ್ತದೆ. ಉತ್ತರದೇಶಗಳ 40, 50 ಅಂಶಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ ಪೀಠವು ಇಷ್ಟು ಕೆಳಕ್ಕೆ ಬಾಗಿದಾಗ ಪ್ರತಿಭಾರದ ಕೋಲು ಮುಕ್ಕಾಲಿಯ ಕಾಲಿಗೆ ತಗಲುವುದುಂಟು. ಕೆಳಗೆ ಮೋಟುಕಂಬವೊಂದನ್ನು ಸೇರಿಸಿದರೆ ಈ ದೋಷ ಹೋಗುವುದು. ಧ್ರುವನಕ್ಷತ್ರವಾದರೋ ಮಲೆ, ಮರ, ಮಂಜುಗಳಲ್ಲಿ ಮರೆಯಾಗುತ್ತದೆ. ಕಂಡರೂ ಅದು ನಿಜಧ್ರುವದಿಂದ ಸುಮಾರು 38 ಕಲೆ ದೂರ. ಆಗ ಯಾಮ್ಯೋತ್ತರವೃತ್ತದಲ್ಲಿ ವಿಷುವದ್ವೃತ್ತಸಮೀಪದ ತಾರೆಯೊಂದನ್ನು ಹಿಡಿದು ನೋಡಬೇಕು: ಅದು ದಕ್ಷಿಣಕ್ಕೆ ಜಾರಿದರೆ ಅಕ್ಷವು ಧ್ರುವಕ್ಕಿಂತ ಪೂರ್ವಕ್ಕಿದೆ, ಉತ್ತರಕ್ಕೆ ಜಾರಿದರೆ ಪಶ್ಚಿಮಕ್ಕಿದೆ. ಪೂರ್ವದಿಗಂತದ ಕಡೆಯ ತಾರೆ ದಕ್ಷಿಣಕ್ಕೆ ಜಾರಿದರೆ ಅಕ್ಷವು ತಗ್ಗಿದೆಯೆಂದರ್ಥ.

ಹಲವರು ಮೊದಲೇ ಹಲ್ಲುಚಕ್ರಗಳನ್ನು ಕಿತ್ತು ಹಲ್ಲುಪಟ್ಟಿಯನ್ನು ಹಾಕಿಸುವರು. ಇದು ಕ್ರಮವಲ್ಲ. ಪಟ್ಟಿಯು ಮಧ್ಯಚಕ್ರಗಳ ಸಡಿಲವನ್ನು ಕಳೆಯುವುದೇ ಹೊರತು ತಿರುಪುದಂಡದ ದೋಷವನ್ನಲ್ಲ. 180 ಹಲ್ಲುಗಳ ಚಕ್ರವಿದ್ದಲ್ಲಿ ತಿರುಪುದಂಡವು ಸುಮಾರು 8 ನಿಮಿಷಕ್ಕೊಂದಾವರ್ತಿ ಸುತ್ತುವುದರಿಂದ ಅದರ ವಕ್ರತೆಯೂ ಅದೇ ಕಾಲಕ್ಕೆ ಮರುಕಳಿಸುವುದು. ಇದಕ್ಕೆ ಮಾರ್ಗದರ್ಶಕ ಕ್ಯಾಮರಾವೇ ಮದ್ದು: ಅದು ಒಂದು ತಾರೆಯನ್ನು ಕೆಲವು ಸೆಕೆಂಡುಗಳಿಗೊಮ್ಮೆ ನೋಡಿ, ಜಾರಿದಷ್ಟನ್ನು ಮೋಟಾರಿಗೆ ತಿಳಿಸುತ್ತದೆ. ಆದರೆ ಅಕ್ಷವು ಧ್ರುವ ತಪ್ಪಿದ್ದರೆ, ಆ ತಾರೆ ನಿಂತಿದ್ದರೂ ಅದರ ಸುತ್ತ ಉಳಿದ ತಾರೆಗಳು ಕಮಾನಾಗಿ ಬೀಳುವುವು.