ಕಿವಿಯಚ್ಚಿಗೆ ಮನೆಯಲ್ಲೇ ಆರೈಕೆ

ಚಂದಕವಾಡಿಯಿಂದ ಮೈಸೂರಿಗೆ ಹೋಗಬೇಕೆಂದರೆ ಮೊದಲು ಚಾಮರಾಜನಗರ, ಅಲ್ಲಿಂದ ನಂಜನಗೂಡಿನ ಮೇಲೆ ಬಸ್ಸು ಅಥವಾ ರೈಲು. ಹೋಗಿಬರುವುದರಲ್ಲಿ ಒಂದು ದಿನದ ಕೂಲಿ ಕಳೆದಂತೆ. ಹೀಗಾಗಿ ಮಗುವಿನ ಶ್ರವಣಯಂತ್ರ ಸದ್ದು ಮಾಡದಿದ್ದರೆ ಅದನ್ನು ಡಬ್ಬಿಯಲ್ಲಿಟ್ಟು, ಬಿಡುವಾದಾಗ ತೋರಿಸೋಣ ಎಂದು ಸುಮ್ಮನಾಗುವುದುಂಟು. ಮಾತು ಕಲಿಯುವ ವಯಸ್ಸಿನಲ್ಲಿ ಹೀಗೆ ಕಳೆದ ದಿನಗಳು ಮಗುವಿಗೆ ಮರಳಿ ಬರುವುದಿಲ್ಲ. ಆದರೆ ಎಷ್ಟೋ ಸಲ ಕೆಟ್ಟಿರುವುದು ಯಂತ್ರವಲ್ಲ. ಕಿವಿಯಚ್ಚಿನ ರಂಧ್ರ ಕಟ್ಟಿಕೊಂಡಿರುತ್ತದೆ, ಅಷ್ಟೆ.

ಇಯರ್ ಮೋಲ್ಡ್ ಎನ್ನುವ ಈ ಅಚ್ಚನ್ನು ಆಯಾ ಕಿವಿಯ ಅಳತೆ ತೆಗೆದೇ ಮಾಡುತ್ತಾರೆ. 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಪ್ರಯೋಗಾಲಯವೇ ಇದೆ. ಒಬ್ಬರ ಅಚ್ಚು ಇನ್ನೊಬ್ಬರಿಗೆ ಹೊಂದುವುದಿಲ್ಲ.

ದಿನವೂ ರಾತ್ರಿ ಅಚ್ಚನ್ನು ಒಣ ಮೆತ್ತನೆಯ ಬಟ್ಟೆಯಿಂದ ಒರೆಸಿ, ರಂಧ್ರವನ್ನು ಬೆಳಕಿಗೆ ಹಿಡಿದು ನೋಡಿ. ವಾರಕ್ಕೊಮ್ಮೆ ತೊಳೆಯಿರಿ. ಕಿವಿಯ ಹಿಂದೆ ಧರಿಸುವ ಯಂತ್ರವಾದರೆ ಅಚ್ಚನ್ನು ಕೊಳವೆಯ ಸಮೇತ ಯಂತ್ರದಿಂದ ಬೇರ್ಪಡಿಸಿ. ಉಗುರು ಬೆಚ್ಚಗಿನ ನೀರು, ಸ್ವಲ್ಪ ಮೃದು ಸೋಪು ಸಾಕು. ಕುದಿಯುವ ನೀರು, ಸ್ಪಿರಿಟ್ ಬೇಡ. ಯಂತ್ರಕ್ಕೆ ಮಾತ್ರ ಒಂದು ಹನಿಯೂ ತಾಗಬಾರದು. ಪೂರ್ತಿ ಕಿವಿಯೊಳಗೇ ಕೂರುವ ಯಂತ್ರವನ್ನು ತೊಳೆಯುವಂತೆಯೇ ಇಲ್ಲ. ಕೊಳವೆಯಲ್ಲಿ ನಿಂತ ನೀರನ್ನು ರಬ್ಬರ್ ಬುರುಡೆಯ ಗಾಳಿಯಿಂದ ಹೊರಹಾಕಿ, ರಾತ್ರಿಯಿಡೀ ನೆರಳಿನಲ್ಲಿ ಒಣಗಿಸಿ. ಎರಡು ಕಿವಿಗೂ ಅಚ್ಚಿದ್ದರೆ ಒಂದನ್ನು ಮುಗಿಸಿಯೇ ಇನ್ನೊಂದನ್ನು ತೆಗೆಯಿರಿ, ಅದಲುಬದಲಾಗದು.

ಯಂತ್ರ ಸಿಳ್ಳೆ ಹಾಕುತ್ತಿದೆಯೇ? ಕಿವಿಯಿಂದ ತೆಗೆದು, ಯಂತ್ರವನ್ನು ಚಾಲೂ ಇಟ್ಟು, ಅಚ್ಚಿನ ರಂಧ್ರವನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ. ಸಿಳ್ಳೆ ನಿಂತರೆ ಯಂತ್ರ ಬಹುಮಟ್ಟಿಗೆ ಸರಿಯಿದೆ: ಅಚ್ಚು ಸರಿಯಾಗಿ ಕೂತಿಲ್ಲ, ಇಲ್ಲವೇ ಕಿವಿಯಲ್ಲಿ ಗುಗ್ಗೆ ತುಂಬಿದೆ, ಇಲ್ಲವೇ ಮಗುವಿನ ಕಿವಿ ಬೆಳೆದು ಅಚ್ಚು ಸಡಿಲವಾಗಿದೆ. ನಿಲ್ಲದಿದ್ದರೆ ಕೊಳವೆ ಸೀಳಿರಬಹುದು ಅಥವಾ ಯಂತ್ರದಲ್ಲೇ ದೋಷವಿರಬಹುದು. ಸದ್ದೇ ಇಲ್ಲದಿದ್ದರೆ ಮೊದಲು ಬ್ಯಾಟರಿ, ನಂತರ ರಂಧ್ರ ನೋಡಿ.

ಕೊಳವೆ ಹಳದಿಯಾಗಿ ಗಟ್ಟಿಯಾದರೆ ಬದಲಾಯಿಸಬೇಕು. ಬೆಳೆಯುವ ಮಕ್ಕಳಿಗೆ ಅಚ್ಚನ್ನೇ ಆಗಾಗ ಹೊಸದಾಗಿ ಮಾಡಿಸಬೇಕು. ಇವೆರಡಕ್ಕೂ ಮೈಸೂರಿನ ಪ್ರಯಾಣ ಅಗತ್ಯವೇ; ಸಡಿಲ ಅಚ್ಚಿಗೆ ಬಟ್ಟೆ, ದಾರ ಸುತ್ತಿ ಕಾಲ ತಳ್ಳಬೇಡಿ. ಕಿವಿ ಸೋರುತ್ತಿದ್ದರೆ, ಹುಣ್ಣಾಗಿದ್ದರೆ ಅಚ್ಚನ್ನು ತೆಗೆದು ವೈದ್ಯರಿಗೆ ತೋರಿಸಿ. ಕಿವಿಗೆ ಎಣ್ಣೆ ಬಿಡಬೇಡಿ. ಗುಂಡಿಯಂಥ ಬ್ಯಾಟರಿ ಮಕ್ಕಳ ಕೈಗೆ ಸಿಗದಿರಲಿ; ನುಂಗಿದರೆ ಪ್ರಾಣಕ್ಕೇ ಅಪಾಯ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಮಲಗುವ ಮುನ್ನ ಎರಡು ನಿಮಿಷ ಈ ಕೆಲಸಕ್ಕಿರಲಿ. ಬೆಳಗಾಗುತ್ತಲೇ ನೀವು ಕೂಗುವ ಹೆಸರು ಮಗುವಿಗೆ ಕೇಳಿಸಬೇಕಲ್ಲವೇ?