ದೊಡ್ಡ ಕರುಳನ್ನು ತೊಳೆಯುವುದು ಅಗತ್ಯವೇ?

ವರ್ಷಗಟ್ಟಲೆ ಕರುಳಿನ ಗೋಡೆಗೆ ಅಂಟಿಕೊಂಡಿರುವ ಮಲವನ್ನು ತೊಳೆದುಹಾಕಿದರೆ ಅಜೀರ್ಣ, ತಲೆನೋವು, ಆಯಾಸ, ಮೊಡವೆ, ಬೊಜ್ಜು ಎಲ್ಲವೂ ದೂರವಾಗುತ್ತವೆ ಎಂಬ ಮಾತು ಇಂದು ನಗರವಾಸಿಗಳಿಗೆ ಚಿರಪರಿಚಿತ. ಕೆಲವೆಡೆ ಇದನ್ನು ‘ಕೊಲೊನ್ ಹೈಡ್ರೊಥೆರಪಿ’ ಎನ್ನುತ್ತಾರೆ. ಇನ್ನು ಕೆಲವೆಡೆ ‘ಡಿಟಾಕ್ಸ್’ ಪುಡಿ, ಮಾತ್ರೆ, ಕಷಾಯಗಳ ರೂಪದಲ್ಲಿ ಅದೇ ಭರವಸೆಯನ್ನು ಮಾರಲಾಗುತ್ತದೆ. ಆರೋಗ್ಯವಂತನೊಬ್ಬನ ಕರುಳಿಗೆ ಇಂತಹ ಶುದ್ಧೀಕರಣ ನಿಜಕ್ಕೂ ಬೇಕೇ? ಅದರಿಂದ ಆಗುವ ಲಾಭವೇನು, ಹಾನಿಯೇನು? ಹಣ ತೆರುವ ಮುನ್ನ ಈ ಪ್ರಶ್ನೆಗಳಿಗೆ ಉತ್ತರ ತಿಳಿದಿರುವುದು ಒಳಿತು.

ಕರುಳು ಮಾಡುವ ಕೆಲಸ

ಉಂಡ ಆಹಾರದ ಪೋಷಕಾಂಶಗಳು ರಕ್ತಕ್ಕೆ ಸೇರುವ ಕಾರ್ಯ ಬಹುಪಾಲು ನಡೆಯುವುದು ಸುಮಾರು 6 ಮೀಟರ್ ಉದ್ದದ ಸಣ್ಣ ಕರುಳಿನಲ್ಲಿ. ಅಲ್ಲಿಂದ ಮುಂದೆ ಸುಮಾರು ಒಂದೂವರೆ ಮೀಟರ್ ಉದ್ದದ ದೊಡ್ಡ ಕರುಳು ಆರಂಭವಾಗುತ್ತದೆ. ದಿನಕ್ಕೆ ಸರಿಸುಮಾರು ಒಂದರಿಂದ ಒಂದೂವರೆ ಲೀಟರ್ ದ್ರವ ಇದನ್ನು ಪ್ರವೇಶಿಸುತ್ತದೆ. ಅದರಲ್ಲಿನ ನೀರು ಮತ್ತು ಲವಣಗಳನ್ನು ದೊಡ್ಡ ಕರುಳು ಹೀರಿಕೊಂಡು ದೇಹಕ್ಕೆ ಮರಳಿಸುತ್ತದೆ. ಉಳಿದದ್ದು ಮಲವಾಗಿ ಹೊರಬೀಳುತ್ತದೆ.

ಈ ಕರುಳು ಕೇವಲ ಕಸದ ತೊಟ್ಟಿಯಲ್ಲ. ಇಲ್ಲಿ ವಾಸಿಸುವ ಲಕ್ಷ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ನಾವು ಜೀರ್ಣಿಸಲಾರದ ನಾರಿನಂಶವನ್ನು ಹುದುಗಿಸಿ ಬ್ಯೂಟಿರೇಟ್‌ನಂತಹ ಕೊಬ್ಬಿನಾಮ್ಲಗಳನ್ನು ಉತ್ಪಾದಿಸುತ್ತವೆ. ಕರುಳಿನ ಒಳಪದರದ ಕೋಶಗಳಿಗೆ ಇದೇ ಮುಖ್ಯ ಆಹಾರ. ಆ ಒಳಪದರವೂ ಕೆಲವೇ ದಿನಗಳಿಗೊಮ್ಮೆ ಹಳೆಯ ಕೋಶಗಳನ್ನು ಉದುರಿಸಿ ಹೊಸದಾಗುತ್ತಿರುತ್ತದೆ. ಮೇಲ್ಮೈಯಲ್ಲಿ ಸದಾ ಲೋಳೆ ಸ್ರವಿಸುತ್ತಿರುತ್ತದೆ. ಹೀಗೆ ತನ್ನ ಚರ್ಮವನ್ನೇ ನಿರಂತರವಾಗಿ ಕಳಚುವ ಅಂಗಕ್ಕೆ ಹತ್ತಾರು ವರ್ಷಗಳ ಮಲ ಅಂಟಿಕೊಂಡು ಕೂರುವುದು ಸಾಧ್ಯವಿಲ್ಲ.

ಪ್ರತಿನಿತ್ಯ ಜಗತ್ತಿನಾದ್ಯಂತ ಅಸಂಖ್ಯ ಕೊಲೊನೊಸ್ಕೋಪಿ ಪರೀಕ್ಷೆಗಳೂ ಕರುಳಿನ ಶಸ್ತ್ರಚಿಕಿತ್ಸೆಗಳೂ ನಡೆಯುತ್ತವೆ. ಜಾಹೀರಾತಿನ ಚಿತ್ರಗಳಲ್ಲಿ ಕಾಣುವ ರಬ್ಬರಿನಂತಹ ಕಪ್ಪು ಪದರ ಈ ಪರೀಕ್ಷೆಗಳಲ್ಲಿ ಕಂಡುಬರುವುದಿಲ್ಲ. ಹಾಗಾದರೆ ಪುಡಿ ಸೇವಿಸಿದವರ ಮಲದಲ್ಲಿ ಹಗ್ಗದಂತಹ ಉದ್ದನೆಯ ವಸ್ತು ಬೀಳುವುದೇಕೆ? ಅಂತಹ ಅನೇಕ ಪುಡಿಗಳಲ್ಲಿ ಇಸಬ್‌ಗೋಲ್ ಹೊಟ್ಟು ಮತ್ತು ಬೆಂಟೊನೈಟ್ ಜೇಡಿಮಣ್ಣು ಇರುತ್ತವೆ. ನೀರು ಹೀರಿ ಉಬ್ಬಿದ ಈ ಮಿಶ್ರಣವೇ ಕರುಳಿನ ಆಕಾರ ತಳೆದು ಹೊರಬರುತ್ತದೆ. ‘ರೋಗ’ವೆಂದು ತೋರಿಸುವ ವಸ್ತುವನ್ನು ‘ಔಷಧ’ವೇ ತಯಾರಿಸಿರುತ್ತದೆ!

ಹಳೆಯ ಸಿದ್ಧಾಂತದ ಏಳುಬೀಳು

ಕರುಳಿನಲ್ಲಿ ಕೊಳೆತ ಮಲದಿಂದ ವಿಷ ರಕ್ತಕ್ಕೆ ಸೇರಿ ದೇಹವಿಡೀ ರೋಗಗ್ರಸ್ತವಾಗುತ್ತದೆ ಎಂಬ ಕಲ್ಪನೆ ಬಹು ಪ್ರಾಚೀನ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ವೈದ್ಯ ಚಾರ್ಲ್ಸ್ ಬುಷಾರ್ ಮೊದಲಾದವರು ಇದಕ್ಕೆ ‘ಸ್ವಯಂ ವಿಷಪ್ರಾಶನ’ ಎಂಬರ್ಥದ ಹೆಸರು ನೀಡಿ ವೈಜ್ಞಾನಿಕ ರೂಪ ಕೊಟ್ಟರು. 1908ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಎಲಿ ಮೆಚ್ನಿಕಾಫ್ ಕೂಡ ವೃದ್ಧಾಪ್ಯಕ್ಕೆ ಕರುಳಿನ ಕೊಳೆಯುವಿಕೆ ಕಾರಣವೆಂದು ನಂಬಿ, ಹುಳಿ ಮೊಸರನ್ನು ಪರಿಹಾರವಾಗಿ ಸೂಚಿಸಿದ್ದರು. ಅಮೆರಿಕದ ಬ್ಯಾಟಲ್ ಕ್ರೀಕ್ ಆರೋಗ್ಯಧಾಮದಲ್ಲಿ ಜಾನ್ ಹಾರ್ವಿ ಕೆಲಾಗ್ ಎನಿಮಾ ಚಿಕಿತ್ಸೆಯನ್ನು ಜನಪ್ರಿಯಗೊಳಿಸಿದರು. ಲಂಡನ್ನಿನ ಖ್ಯಾತ ಶಸ್ತ್ರವೈದ್ಯ ಸರ್ ವಿಲಿಯಂ ಆರ್ಬತ್‌ನಾಟ್ ಲೇನ್ ಇನ್ನೂ ಮುಂದೆ ಹೋಗಿ, ಮಲಬದ್ಧತೆಯ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯತೊಡಗಿದ್ದರು.

ಈ ಸಿದ್ಧಾಂತ ಬಿದ್ದದ್ದು ಸರಳ ತರ್ಕದಿಂದ. ಅಮೆರಿಕದ ವೈದ್ಯ ವಾಲ್ಟರ್ ಆಲ್ವರೆಜ್ 1919ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಅಂಶದತ್ತ ಗಮನ ಸೆಳೆದರು. ಮಲಬದ್ಧತೆಯವರಿಗೆ ಶೌಚವಾದ ಕೂಡಲೇ ತಲೆಭಾರ, ಜಡತ್ವ ಮಾಯವಾಗುತ್ತವೆ. ರಕ್ತದಲ್ಲಿ ವಿಷ ಸೇರಿದ್ದೇ ಆದರೆ ಅದು ಇಳಿಯಲು ಗಂಟೆಗಟ್ಟಲೆ ಬೇಕಾಗಿತ್ತು. ಕ್ಷಣದಲ್ಲಿ ಪರಿಹಾರ ದೊರಕುವುದೆಂದರೆ ತೊಂದರೆಯ ಮೂಲ ವಿಷವಲ್ಲ, ಮಲಾಶಯ ಹಿಗ್ಗಿ ನರಗಳ ಮೇಲೆ ಬೀಳುವ ಒತ್ತಡ. ಮುಂದೆ 1922ರಲ್ಲಿ ಆರೋಗ್ಯವಂತರ ಮಲಾಶಯದಲ್ಲಿ ಹತ್ತಿ ತುಂಬಿ ನೋಡಿದಾಗಲೂ ಅವೇ ಲಕ್ಷಣಗಳು ಕಾಣಿಸಿಕೊಂಡವು. ಹತ್ತಿಯಲ್ಲಿ ವಿಷವೆಲ್ಲಿಯದು? ಕ್ರಮೇಣ ವೈದ್ಯಲೋಕ ಈ ವಾದವನ್ನು ಕೈಬಿಟ್ಟಿತು, ಮಾರುಕಟ್ಟೆ ಮಾತ್ರ ಬಿಡಲಿಲ್ಲ.

ದೇಹದ ನಿಜವಾದ ಶುದ್ಧೀಕರಣ ನಡೆಯುವುದು ಬೇರೆ ಅಂಗಗಳಲ್ಲಿ. ಕರುಳಿನಿಂದ ಹೊರಟ ರಕ್ತ ಮೊದಲು ಯಕೃತ್ತನ್ನು ಹಾದುಹೋಗುತ್ತದೆ. ಅಲ್ಲಿ ಹಾನಿಕರ ಪದಾರ್ಥಗಳು ರೂಪಾಂತರಗೊಳ್ಳುತ್ತವೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್‌ನಷ್ಟು ದ್ರವವನ್ನು ಸೋಸುತ್ತವೆ. ಈ ಅಂಗಗಳು ಕೆಟ್ಟರೆ ಕರುಳು ತೊಳೆದು ಪ್ರಯೋಜನವಿಲ್ಲ, ಕೆಡದಿದ್ದರೆ ತೊಳೆಯುವ ಅಗತ್ಯವಿಲ್ಲ.

ಪುರಾವೆ ಏನು ಹೇಳುತ್ತದೆ?

ಸಾಮಾನ್ಯ ಆರೋಗ್ಯವರ್ಧನೆಗಾಗಿ ಕರುಳು ತೊಳೆಯುವ ಬಗ್ಗೆ ಲಭ್ಯವಿದ್ದ ಅಧ್ಯಯನಗಳನ್ನು ಕ್ರಮಬದ್ಧವಾಗಿ ಪರಿಶೀಲಿಸಿದ ಲೇಖನವೊಂದು 2009ರಲ್ಲಿ ಅಮೆರಿಕದ ಜಠರ-ಕರುಳು ರೋಗ ತಜ್ಞರ ನಿಯತಕಾಲಿಕೆಯಲ್ಲಿ ಪ್ರಕಟವಾಯಿತು. ಈ ಪದ್ಧತಿಯನ್ನು ಸಮರ್ಥಿಸುವ, ಸರಿಯಾದ ಕ್ರಮದಲ್ಲಿ ನಡೆದ ನಿಯಂತ್ರಿತ ಪ್ರಯೋಗ ಒಂದೂ ದೊರೆಯಲಿಲ್ಲವೆಂಬುದು ಅದರ ನಿಷ್ಕರ್ಷೆ.

ತೂಕ ಇಳಿಯುವ ಮಾತಿಗೂ ಆಧಾರವಿಲ್ಲ. ಆಹಾರದ ಕ್ಯಾಲೊರಿಗಳು ದೊಡ್ಡ ಕರುಳನ್ನು ತಲುಪುವ ಮೊದಲೇ ಬಹುಪಾಲು ರಕ್ತಕ್ಕೆ ಸೇರಿರುತ್ತವೆ. ತೊಳೆದ ಮೇಲೆ ತಕ್ಕಡಿಯಲ್ಲಿ ಕಾಣುವ ಇಳಿಕೆ ನೀರು ಮತ್ತು ಮಲದ್ದೇ ಹೊರತು ಕೊಬ್ಬಿನದಲ್ಲ. ಎರಡು ದಿನಗಳಲ್ಲಿ ಅದು ಮರಳಿ ಬರುತ್ತದೆ.

‘ನನಗೆ ಹಗುರವೆನಿಸಿತು’ ಎನ್ನುವವರ ಅನುಭವ ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ. ಮಲಾಶಯ ಬರಿದಾದಾಗ ಹಗುರವೆನಿಸುವುದು ಸಹಜ. ಜತೆಗೆ ಇಂತಹ ಶಿಬಿರಗಳಲ್ಲಿ ಮದ್ಯ, ಕರಿದ ತಿಂಡಿಗಳು ದೂರವಿರುತ್ತವೆ, ಹಣ್ಣು ತರಕಾರಿ ಹೆಚ್ಚಿರುತ್ತವೆ, ವಿಶ್ರಾಂತಿಯೂ ನಿದ್ರೆಯೂ ದೊರೆಯುತ್ತವೆ. ಇವುಗಳ ಫಲವನ್ನು ನೀರಿನ ಕೊಳವೆಯ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ.

ಅಪಾಯಗಳು ಕಾಲ್ಪನಿಕವಲ್ಲ

ಯಂತ್ರದ ಮೂಲಕ ಕರುಳು ತೊಳೆಯುವಾಗ ಗುದದ್ವಾರದಿಂದ ಕೊಳವೆ ಸೇರಿಸಿ, ಒಂದೇ ಬಾರಿಗೆ ಕೆಲವೊಮ್ಮೆ 60 ಲೀಟರ್‌ವರೆಗೆ ನೀರನ್ನು ಹಂತಹಂತವಾಗಿ ಹಾಯಿಸಿ ಹೊರತೆಗೆಯಲಾಗುತ್ತದೆ. ಇದರಿಂದ ಹೊಟ್ಟೆ ನುಲಿತ, ವಾಂತಿ, ತಲೆಸುತ್ತು ಬರಬಹುದು. ರಕ್ತದ ಸೋಡಿಯಂ, ಪೊಟ್ಯಾಸಿಯಂ ಪ್ರಮಾಣ ಏರುಪೇರಾದರೆ ಹೃದ್ರೋಗಿಗಳಿಗೂ ಮೂತ್ರಪಿಂಡದ ರೋಗಿಗಳಿಗೂ ಪ್ರಾಣಾಪಾಯವಾಗಬಹುದು. ಕೊಳವೆ ತಗುಲಿ ಕರುಳು ತೂತಾದ ಪ್ರಕರಣಗಳೂ ವರದಿಯಾಗಿವೆ.

ಸ್ವಚ್ಛತೆಯ ಲೋಪ ಎಷ್ಟು ಘೋರವಾಗಬಲ್ಲದು ಎಂಬುದಕ್ಕೆ ಅಮೆರಿಕದ ಕೊಲರಾಡೊ ರಾಜ್ಯದ ಘಟನೆ ಸಾಕ್ಷಿ. 1978ರಿಂದ 1980ರ ನಡುವೆ ಅಲ್ಲಿನ ಒಂದು ಕೈರೊಪ್ರಾಕ್ಟಿಕ್ ಚಿಕಿತ್ಸಾಲಯದಲ್ಲಿ ಕರುಳು ತೊಳೆಸಿಕೊಂಡವರ ಪೈಕಿ ಕನಿಷ್ಠ 36 ಮಂದಿಗೆ ಅಮೀಬಾ ಸೋಂಕು ತಗುಲಿತು. ಸರಿಯಾಗಿ ಶುದ್ಧಗೊಳ್ಳದ ಉಪಕರಣ ಒಬ್ಬರ ಸೋಂಕನ್ನು ಇನ್ನೊಬ್ಬರಿಗೆ ದಾಟಿಸಿತ್ತು. ಹತ್ತು ಮಂದಿಯ ದೊಡ್ಡ ಕರುಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯಬೇಕಾಯಿತು. ಅವರಲ್ಲಿ ಆರು ಮಂದಿ ಬದುಕುಳಿಯಲಿಲ್ಲ. ಅಮೀಬಾ ಸೋಂಕು ಇಂದಿಗೂ ಸಾಮಾನ್ಯವಾಗಿರುವ ನಮ್ಮ ದೇಶದಲ್ಲಿ ಈ ಪಾಠವನ್ನು ಮರೆಯಲಾಗದು.

ಬಾಯಿಯ ಮೂಲಕ ಸೇವಿಸುವ ಶುದ್ಧಿಕಾರಕಗಳೂ ನಿರಪಾಯವಲ್ಲ. ಕೊಲೊನೊಸ್ಕೋಪಿಗೆ ಮುನ್ನ ನೀಡಲಾಗುತ್ತಿದ್ದ ಸೋಡಿಯಂ ಫಾಸ್ಫೇಟ್ ಮಾತ್ರೆಗಳು ಮೂತ್ರಪಿಂಡಕ್ಕೆ ತೀವ್ರ ಹಾನಿಯುಂಟುಮಾಡಬಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆ ನೀಡಿತು. ನಮ್ಮಲ್ಲಿ ಮಾರಾಟವಾಗುವ ‘ಹೊಟ್ಟೆ ಸ್ವಚ್ಛ’ ಚೂರ್ಣಗಳಲ್ಲಿ ಅನೇಕವುಗಳ ಮುಖ್ಯ ಘಟಕ ಸೋನಾಮುಖಿ. ಕೆಲವು ದಿನಗಳ ಮಲಬದ್ಧತೆಗೆ ಇದು ಉಪಯುಕ್ತ ವಿರೇಚಕವೇ. ಆದರೆ ವೈದ್ಯರ ಸಲಹೆಯಿಲ್ಲದೆ ವರ್ಷಗಟ್ಟಲೆ ನಿತ್ಯ ಸೇವಿಸುವುದು ಸಲ್ಲದು. ದಿನಕ್ಕೆ ಹಲವು ಬಾರಿ ಭೇದಿಯಾದರೆ ರಕ್ತದೊತ್ತಡ, ಮಧುಮೇಹ ಮುಂತಾದವುಗಳಿಗೆ ಸೇವಿಸುವ ಮಾತ್ರೆಗಳೂ ದೇಹಕ್ಕೆ ಸರಿಯಾಗಿ ಸೇರದೆ ಹೋಗಬಹುದು.

ನಮ್ಮ ಪರಂಪರೆಯಲ್ಲಿ ಇದೆಯಲ್ಲ?

ಆಯುರ್ವೇದದ ಪಂಚಕರ್ಮಗಳಲ್ಲಿ ವಿರೇಚನ, ಬಸ್ತಿಗಳಿಗೆ ಪ್ರಮುಖ ಸ್ಥಾನವಿದೆ. ಹಠಯೋಗದ ಷಟ್ಕರ್ಮಗಳಲ್ಲೂ ಧೌತಿ, ಬಸ್ತಿಗಳಿವೆ. ತಿಂಗಳಿಗೊಮ್ಮೆ ಮಕ್ಕಳಿಗೆ ಹರಳೆಣ್ಣೆ ಕುಡಿಸುವ ರೂಢಿ ನಮ್ಮ ಅನೇಕ ಮನೆಗಳಲ್ಲಿತ್ತು. ಹೀಗಿರುವಾಗ ತೊಳೆಯುವುದೇ ತಪ್ಪೆನ್ನುವುದು ಹೇಗೆ ಎಂಬ ಪ್ರಶ್ನೆ ಸಹಜ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ಗ್ರಂಥಗಳು ಶೋಧನ ಕ್ರಿಯೆಯನ್ನು ಎಲ್ಲರಿಗೂ ವಿಧಿಸಿಲ್ಲ. ಯಾರಿಗೆ ಬಸ್ತಿ ಸಲ್ಲದು, ಯಾರಿಗೆ ವಿರೇಚನ ಸಲ್ಲದು ಎಂಬುದನ್ನು ಚರಕ ಸಂಹಿತೆ ವಿಸ್ತಾರವಾಗಿ ಪಟ್ಟಿಮಾಡುತ್ತದೆ. ಮೇದಸ್ಸು ಮತ್ತು ಕಫ ಅಧಿಕವಾಗಿರುವವರು ಮಾತ್ರ ಷಟ್ಕರ್ಮ ಮಾಡಬೇಕು, ದೋಷಗಳು ಸಮವಾಗಿರುವವರಿಗೆ ಅದು ಬೇಕಿಲ್ಲ ಎಂಬುದು ಹಠಯೋಗ ಪ್ರದೀಪಿಕೆಯ ಅಭಿಪ್ರಾಯ. ರೋಗಿಯನ್ನು ಪರೀಕ್ಷಿಸದೆ, ಪೂರ್ವಸಿದ್ಧತೆಯಿಲ್ಲದೆ, ವಾರಾಂತ್ಯದ ‘ಪ್ಯಾಕೇಜ್’ ಆಗಿ ಮಾರುವ ಶುದ್ಧೀಕರಣಕ್ಕೂ ಆ ಪರಂಪರೆಗೂ ಸಂಬಂಧ ತೀರಾ ದೂರದ್ದು.

ಶಂಖಪ್ರಕ್ಷಾಲನ ಕ್ರಿಯೆಯಲ್ಲಿ ಉಗುರುಬೆಚ್ಚಗಿನ ಉಪ್ಪುನೀರನ್ನು ಲೀಟರ್‌ಗಟ್ಟಲೆ ಕುಡಿದು, ಆಸನಗಳ ಮೂಲಕ ಹೊರಹಾಕಲಾಗುತ್ತದೆ. ಲೀಟರಿಗೆ ಎರಡು ಚಹಾ ಚಮಚದಷ್ಟು ಉಪ್ಪು ಎಂದರೆ ಸುಮಾರು 10 ಗ್ರಾಂ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆ ನೀರಿನ ಬಹುಪಾಲು ಹೊರಹೋಗುವುದಾದರೂ ಅಧಿಕ ರಕ್ತದೊತ್ತಡ, ಹೃದ್ರೋಗ, ಮೂತ್ರಪಿಂಡದ ತೊಂದರೆ ಇರುವವರು ಹಾಗೂ ಗರ್ಭಿಣಿಯರು ಇದಕ್ಕೆ ಕೈಹಾಕದಿರುವುದೇ ಕ್ಷೇಮ. ಹರಳೆಣ್ಣೆಯ ವಿಷಯದಲ್ಲೂ ಅಷ್ಟೆ. ಪುಟ್ಟ ಮಕ್ಕಳಿಗೆ ಭೇದಿಯಿಂದ ನಿರ್ಜಲೀಕರಣ ಬೇಗ ಉಂಟಾಗುತ್ತದೆ.

ತೊಳೆಯಬೇಕಾದ ಸಂದರ್ಭಗಳು

ಕೊಲೊನೊಸ್ಕೋಪಿ ಪರೀಕ್ಷೆಗೆ ಮುನ್ನ ಕರುಳು ಸಂಪೂರ್ಣ ಬರಿದಾಗಿರಬೇಕು. ಇಲ್ಲವಾದರೆ ಸಣ್ಣ ಗಂಟುಗಳು ವೈದ್ಯರ ಕಣ್ಣಿಗೆ ಬೀಳುವುದಿಲ್ಲ. ಮಲ ಗಟ್ಟಿಯಾಗಿ ಸಿಕ್ಕಿಕೊಂಡಾಗ ಎನಿಮಾ ನೀಡಬೇಕಾಗುತ್ತದೆ. ಬೆನ್ನುಹುರಿಗೆ ಪೆಟ್ಟುಬಿದ್ದು ಮಲವಿಸರ್ಜನೆಯ ಹಿಡಿತ ತಪ್ಪಿದವರಿಗೆ ಗುದದ್ವಾರದ ಮೂಲಕ ನೀರು ಹಾಯಿಸುವ ಚಿಕಿತ್ಸೆ ಜೀವನವನ್ನು ಸಹನೀಯಗೊಳಿಸಿದೆ. ಇವೆಲ್ಲ ನಿರ್ದಿಷ್ಟ ಕಾರಣಕ್ಕೆ, ವೈದ್ಯರ ನಿಗಾದಲ್ಲಿ ನಡೆಯುವ ಕ್ರಮಗಳು. ಇವುಗಳನ್ನು ತೋರಿಸಿ ಆರೋಗ್ಯವಂತರಿಗೂ ತೊಳೆಯುವುದು ಹಿತವೆಂದು ವಾದಿಸಲಾಗದು.

ಎಲ್ಲಕ್ಕಿಂತ ದೊಡ್ಡ ನಷ್ಟ

ಕರುಳು ಶುದ್ಧಿಯ ಅತಿ ದೊಡ್ಡ ಅಪಾಯ ಕಾಲಹರಣ. ಇತ್ತೀಚೆಗೆ ಆರಂಭವಾದ ಮಲಬದ್ಧತೆಯ ಹಿಂದೆ ಥೈರಾಯ್ಡ್ ಕೊರತೆ, ಮಧುಮೇಹ, ಕಬ್ಬಿಣದ ಮಾತ್ರೆ ಅಥವಾ ನೋವುನಿವಾರಕಗಳ ಅಡ್ಡಪರಿಣಾಮ ಇರಬಹುದು. ಕೆಲವೊಮ್ಮೆ ಅದು ದೊಡ್ಡ ಕರುಳಿನ ಕ್ಯಾನ್ಸರಿನ ಮೊದಲ ಸೂಚನೆಯೂ ಆಗಿರುತ್ತದೆ. ಮಲದಲ್ಲಿ ಕಂಡ ರಕ್ತವನ್ನು ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ, ‘ಉಷ್ಣ’ವೆಂದು ಸಮಾಧಾನ ಹೇಳಿಕೊಂಡು, ತಿಂಗಳುಗಟ್ಟಲೆ ಚೂರ್ಣ ಸೇವಿಸುವವರು ನಮ್ಮ ನಡುವೆ ಕಡಿಮೆಯಿಲ್ಲ. ಆರಂಭದ ಹಂತದಲ್ಲಿ ಪತ್ತೆಯಾದರೆ ಈ ಕ್ಯಾನ್ಸರ್ ಬಹುಪಾಲು ಗುಣವಾಗಬಲ್ಲದು. ತಡವಾದರೆ ಆ ಮಾತು ಹೇಳಲಾಗದು.

ಈ ಕೆಳಗಿನವುಗಳಲ್ಲಿ ಯಾವುದೇ ಕಂಡರೂ ಶುದ್ಧಿ ಕೇಂದ್ರಕ್ಕಲ್ಲ, ವೈದ್ಯರಲ್ಲಿಗೆ ಹೋಗಬೇಕು:

* ಮಲದಲ್ಲಿ ರಕ್ತ ಅಥವಾ ಮಲ ಡಾಂಬರಿನಂತೆ ಕಪ್ಪಾಗುವುದು
* ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ
* ಮಲವಿಸರ್ಜನೆಯ ಕ್ರಮ ಬದಲಾಗಿ ಹಲವು ವಾರ ಹಾಗೆಯೇ ಉಳಿಯುವುದು
* ಹೊಟ್ಟೆಯುಬ್ಬರದ ಜತೆ ವಾಂತಿ, ಗಾಳಿಯೂ ಹೋಗದಿರುವುದು
* ಕುಟುಂಬದಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿರುವುದು

ಕರುಳಿಗೆ ಬೇಕಾದದ್ದು

ಪ್ರತಿದಿನ ಬೆಳಿಗ್ಗೆ ಶೌಚವಾಗಲೇಬೇಕೆಂಬ ನಿಯಮ ದೇಹಕ್ಕಿಲ್ಲ. ದಿನಕ್ಕೆ ಮೂರು ಬಾರಿಯಿಂದ ವಾರಕ್ಕೆ ಮೂರು ಬಾರಿಯವರೆಗೆ, ತ್ರಾಸವಿಲ್ಲದೆ ಆಗುವುದಾದರೆ ಅದು ಸಹಜವೆಂದೇ ವೈದ್ಯರು ಪರಿಗಣಿಸುತ್ತಾರೆ.

ವಯಸ್ಕರು ದಿನಕ್ಕೆ ಕನಿಷ್ಠ 25 ಗ್ರಾಂ ನಾರಿನಂಶ ಮತ್ತು 400 ಗ್ರಾಂ ಹಣ್ಣು ತರಕಾರಿ ಸೇವಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಶಿಫಾರಸು ಮಾಡಿದೆ. ನಮ್ಮ ಊಟದಲ್ಲಿ ಇದು ಕಷ್ಟವಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಇರುವುದು 3 ಗ್ರಾಂಗಿಂತ ಕಡಿಮೆ. ಮುದ್ದೆ, ಜೋಳದ ರೊಟ್ಟಿ, ಹುರುಳಿ ಸಾರು, ಸೊಪ್ಪಿನ ಪಲ್ಯ, ಕೋಸಂಬರಿ, ಸೀಬೆ ಹಣ್ಣು ಕರುಳಿನ ಬ್ಯಾಕ್ಟೀರಿಯಾಗಳಿಗೂ ಮೃಷ್ಟಾನ್ನವೇ. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರವಾಗುವುದರಿಂದ ಕ್ರಮೇಣ ಹೆಚ್ಚಿಸಬೇಕು, ಸಾಕಷ್ಟು ನೀರು ಕುಡಿಯಬೇಕು. ಇಸಬ್‌ಗೋಲ್ ಸೇವಿಸುವವರಂತೂ ಒಂದು ದೊಡ್ಡ ಲೋಟ ನೀರಿನೊಂದಿಗೇ ಸೇವಿಸಬೇಕು.

ಉಂಡ ನಂತರ ಕರುಳು ತಾನಾಗಿ ಚುರುಕಾಗುತ್ತದೆ. ಆದ್ದರಿಂದ ಬೆಳಗಿನ ಉಪಾಹಾರದ ಬಳಿಕ ಹತ್ತು ನಿಮಿಷ ಬಿಡುವು ಮಾಡಿಕೊಳ್ಳುವುದು, ಶೌಚದ ಕರೆಯನ್ನು ಮುಂದೂಡದಿರುವುದು, ಕಮೋಡ್ ಬಳಸುವವರು ಪಾದದಡಿ ಸಣ್ಣ ಮಣೆ ಇಟ್ಟುಕೊಳ್ಳುವುದು, ನಿತ್ಯ ಅರ್ಧ ಗಂಟೆ ನಡೆಯುವುದು ಬಹುಮಂದಿಗೆ ಸಾಕಾಗುವ ಚಿಕಿತ್ಸೆ. ಇವುಗಳಿಂದಲೂ ಸರಿಹೋಗದಿದ್ದರೆ ಮುಂದಿನ ಹೆಜ್ಜೆ ವೈದ್ಯರ ಬಳಿಗೆ ಇರಲಿ. ಆರೋಗ್ಯವಂತ ಕರುಳಿಗೆ ತನ್ನನ್ನು ತಾನು ಶುದ್ಧವಾಗಿಟ್ಟುಕೊಳ್ಳುವುದು ಗೊತ್ತಿದೆ. ರೋಗವಿರುವ ಕರುಳಿಗೆ ಬೇಕಾದದ್ದು ಪರೀಕ್ಷೆ, ತೊಳೆಯುವಿಕೆಯಲ್ಲ.