ಬಣ್ಣ ಸೀರೆಗೆ, ಉಳಿದುದು ಹೊಳೆಗೆ

ಮೈಸೂರಿಗೆ ಬಂದ ನೆಂಟರು ಅರಮನೆಯನ್ನೂ ಚಾಮುಂಡಿಬೆಟ್ಟವನ್ನೂ ಕಂಡ ಬಳಿಕ ಮಾನಂದವಾಡಿ ರಸ್ತೆಯ ರೇಷ್ಮೆ ಕಾರ್ಖಾನೆಯತ್ತ ಹೊರಡುವುದು ವಾಡಿಕೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1912ರಲ್ಲಿ, ಸ್ವಿಟ್ಜರ್ಲೆಂಡಿನಿಂದ ತರಿಸಿದ ಮಗ್ಗಗಳಿಂದ ಆರಂಭವಾದ ಉದ್ಯಮವದು. ಸೀರೆಯ ನುಣುಪನ್ನೂ ಜರಿಯ ಹೊಳಪನ್ನೂ ಹೊಗಳದವರಿಲ್ಲ. ಆದರೆ ರೇಷ್ಮೆಗೆ ಬಣ್ಣ ಕಟ್ಟಿದ ಮೇಲೆ ಬಾನಿಯಲ್ಲಿ ಉಳಿಯುವ ನೀರಿನ ಗತಿಯೇನೆಂದು ಕೇಳುವವರು ವಿರಳ. ಇದು ಯಾವುದೋ ಒಂದು ಕಾರ್ಖಾನೆಯ ಮಾತಲ್ಲ. ಬಣ್ಣದ ಮನೆ ದೊಡ್ಡದಿರಲಿ, ಹಿತ್ತಿಲಿನಲ್ಲಿ ಎರಡು ಹಂಡೆಗಳದ್ದಿರಲಿ, ಪ್ರಶ್ನೆ ಒಂದೇ.

ಕಚ್ಚಾ ರೇಷ್ಮೆಯ ಎಳೆ ಹುಳು ಸುರಿಸಿದ ಅಂಟಿನಿಂದ ಕೂಡಿರುತ್ತದೆ. ಸೆರಿಸಿನ್ ಎಂಬುದು ಅದರ ಹೆಸರು. ನೂರು ಕಿಲೋ ರೇಷ್ಮೆಯಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ಕಿಲೋ ಇದೇ! ಸೋಪು, ಸೋಡಾ ಹಾಕಿದ ಬಿಸಿನೀರಿನಲ್ಲಿ ಕುದಿಸಿದಾಗ ಅದು ಕರಗಿ ಬಿಡುತ್ತದೆ. ರೇಷ್ಮೆಗೆ ಹೊಳಪು ಬರುವುದು ಆಗಲೇ. ಈ ಅಂಟು ವಿಷವಲ್ಲ, ಶುದ್ಧ ಸಸಾರಜನಕ. ಹಾಗಿದ್ದೂ ಹೊಳೆಗೆ ಅದು ಹಗೆ. ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಅದನ್ನು ತಿಂದು ಜೀರ್ಣಿಸಿಕೊಳ್ಳುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಮೀನುಗಳು ಉಸಿರುಗಟ್ಟಿ ಮೇಲೆ ತೇಲುತ್ತವೆ.

ಬಣ್ಣದ ಕಥೆ ಬೇರೆ. ಹಾಕಿದ ಬಣ್ಣವೆಲ್ಲವೂ ಎಳೆಗೆ ಹಿಡಿಯುವುದಿಲ್ಲ. ಮಿಕ್ಕದ್ದು ಜಾಲಾಡಿದ ನೀರಿನೊಡನೆ ಹೊರಗೆ. ಕೆಲವು ಬಣ್ಣಗಳಲ್ಲಿ ಕ್ರೋಮಿಯಂ ಇರುತ್ತದೆ; ಅದು ಕೊಳೆತು ಮಾಯವಾಗುವ ಪದಾರ್ಥವಲ್ಲ, ಕೆರೆಯ ಕೆಸರಿನಲ್ಲಿ ಕೂಡುತ್ತ ಹೋಗುತ್ತದೆ. ಬೆಂಜಿಡೀನ್ ಮೂಲದ ಬಣ್ಣಗಳು ಕ್ಯಾನ್ಸರಿಗೆ ಕಾರಣವೆಂದು ಭಾರತ ಸರ್ಕಾರ ಅವುಗಳನ್ನು 1990ರ ದಶಕದಲ್ಲಿ ನಿಷೇಧಿಸಿತು.

ಮೈಸೂರು ನಗರವೋ ದಿಣ್ಣೆಯ ಮೇಲಿದೆ. ಉತ್ತರದ ಇಳಿಜಾರಿನ ನೀರು ಕಾವೇರಿಯತ್ತ, ದಕ್ಷಿಣದ್ದು ಕಬಿನಿಯತ್ತ ಹರಿಯುತ್ತದೆ. ಎರಡೂ ತಿರುಮಕೂಡಲಿನಲ್ಲಿ ಕೂಡುತ್ತವೆ. ಇಲ್ಲಿ ಮೋರಿಗೆ ಸುರಿದುದು ಅಲ್ಲಿ ಸಂಗಮಸ್ನಾನ ಮಾಡುವವನ ತಲೆಯ ಮೇಲೆ ಬಂದೀತು!

ಮಗ್ಗ ಕಳುಹಿಸಿದ ಸ್ವಿಟ್ಜರ್ಲೆಂಡಿನಲ್ಲೇ ಬಣ್ಣವೂ ದೊಡ್ಡ ಉದ್ಯಮವಾಗಿತ್ತು. ರೈನ್ ನದಿಯ ದಡದ ಬಾಸೆಲ್ ನಗರದಲ್ಲಿ ರೇಷ್ಮೆ ಪಟ್ಟಿಗಳ ನೇಯ್ಗೆಯ ಜೊತೆಜೊತೆಗೆ ಬಣ್ಣದ ಕಾರ್ಖಾನೆಗಳೂ ಬೆಳೆದವು. 1886ರಲ್ಲಿ ಬಣ್ಣ ತಯಾರಿಕೆಯಿಂದಲೇ ಹುಟ್ಟಿದ ಸ್ಯಾಂಡೋಸ್ ಕಂಪನಿಯ ಉಗ್ರಾಣಕ್ಕೆ ಸರಿಯಾಗಿ ನೂರು ವರ್ಷಗಳ ಬಳಿಕ, 1986ರ ನವೆಂಬರ್ 1ರಂದು, ಬೆಂಕಿ ಬಿತ್ತು. ಬೆಂಕಿ ಆರಿಸಲು ಸುರಿದ ನೀರೇ ಕೀಟನಾಶಕಗಳನ್ನೂ ಕೆಂಪು ಬಣ್ಣವನ್ನೂ ರೈನ್ ನದಿಗೆ ಒಯ್ದಿತು. ನದಿ ಕೆಂಪಾಯಿತು, ನೂರಾರು ಕಿಲೋಮೀಟರ್ ದೂರದವರೆಗೆ ಹಾವುಮೀನುಗಳು ಸತ್ತವು. ಅಂಥ ನೀರನ್ನು ಹಿಡಿದಿಡುವ ತೊಟ್ಟಿಗಳು ಅಲ್ಲಿ ಕಟ್ಟಲ್ಪಟ್ಟದ್ದು ಅದರ ತರುವಾಯ.

ನಮ್ಮಲ್ಲಿ ಜಲಮಾಲಿನ್ಯ ತಡೆಯ ಕಾಯಿದೆ 1974ರಲ್ಲಿಯೇ ಬಂದಿತು. ಹೊಳೆಗೆ ಬಿಡುವ ಒಂದು ಲೀಟರ್ ನೀರು ಕಬಳಿಸುವ ಆಮ್ಲಜನಕ ಸಾಮಾನ್ಯವಾಗಿ 30 ಮಿಲಿಗ್ರಾಂ ಮೀರಬಾರದು. ಅತಿವಿಷಕಾರಿಯಾದ ಬಗೆಯ ಕ್ರೋಮಿಯಂ 0.1 ಮಿಲಿಗ್ರಾಂ ಮೀರಬಾರದು. ಲೆಕ್ಕ ಲೀಟರಿಗೆ ಇರುವುದರಿಂದ ಕೊಳಕು ನೀರಿಗೆ ಒಳ್ಳೆಯ ನೀರು ಬೆರೆಸಿ ಅಂಕಿಯನ್ನು ಒಪ್ಪವಾಗಿಸುವ ಜಾಣರೂ ಇಲ್ಲದಿಲ್ಲ! ಹೊಳೆಗೆ ಹೋಗುವ ವಿಷದ ತೂಕ ಮಾತ್ರ ಒಂದು ಗುಂಜಿಯೂ ಇಳಿಯದು.

ಆದುದರಿಂದ ಕೊಳವೆಯ ಬಾಯಿಗಿಂತ ಬಾನಿಯ ಬಳಿಯಲ್ಲೇ ಎಚ್ಚರವಿರುವುದು ಲೇಸೆಂದು ನನ್ನ ಅಭಿಪ್ರಾಯ. ಬಣ್ಣವನ್ನು ಕಣ್ಣಂದಾಜಿಗೆ ಬಿಟ್ಟು ತಕ್ಕಡಿಯಲ್ಲಿ ತೂಗಿ ಹಾಕಬೇಕು. ಶಾಖ, ಹುಳಿಗಳನ್ನು ಹದವಾಗಿಟ್ಟರೆ ಎಳೆ ಹೆಚ್ಚು ಬಣ್ಣವನ್ನು ಕುಡಿಯುತ್ತದೆ. ಕೊನೆಯ ಜಾಲಾಟದ ನೀರು ಬಹುಮಟ್ಟಿಗೆ ತಿಳಿಯಾಗಿರುತ್ತದೆ. ಅದನ್ನೇ ಮರುದಿನದ ಮೊದಲ ಜಾಲಾಟಕ್ಕೆ ಬಳಸಬಹುದು. ಆಮೇಲೆ ಸುಣ್ಣ, ಪಟಿಕ ಹಾಕಿ ಗಷ್ಟನ್ನು ಕೂರಿಸಿ, ಗಾಳಿಯೂದುವ ತೊಟ್ಟಿ ದಾಟಿಸಬೇಕು. ಎರಡು ಹಂಡೆಯ ಬಣ್ಣಗಾರನಿಗೆ ಇಷ್ಟೆಲ್ಲ ಕಟ್ಟಿಸಿಕೊಳ್ಳುವ ಶಕ್ತಿಯೆಲ್ಲಿಯದು? ಹತ್ತಾರು ಮಂದಿ ಕೂಡಿ ಒಂದೇ ಶುದ್ಧೀಕರಣ ಘಟಕ ನಡೆಸುವ ಏರ್ಪಾಟು ಬೇಕಾಗುವುದು ಅವನಿಗಾಗಿಯೇ.

ಅಂಟಿನ ವಿಚಾರದಲ್ಲಿ ಮಾತ್ರ ವಿನೋದವಿದೆ. ಮೋರಿಗೆ ಚೆಲ್ಲುತ್ತಿದ್ದ ಸೆರಿಸಿನ್ನನ್ನು ಆ ನೀರಿನಿಂದ ಬೇರ್ಪಡಿಸಿ ಪುಡಿಮಾಡುವ ವಿಧಾನಗಳು ಈಗ ಇವೆ. ಚರ್ಮದ ತೇವವನ್ನು ಕಾಯುವ ಗುಣ ಅದಕ್ಕಿರುವುದರಿಂದ ಮುಖಕ್ಕೆ ಹಚ್ಚುವ ಕ್ರೀಮುಗಳಲ್ಲಿ ಅದು ಸೇರುತ್ತಿದೆ. ಅಂಗಡಿಯಲ್ಲಿ ಆ ಪುಟ್ಟ ಡಬ್ಬಿಗೆ ಒಳ್ಳೆಯ ಬೆಲೆಯೂ ಇದೆ.